ನೆರಳು ನೋಡಿ ದೂರ ಅಳೆದವಳು

ಅವಳಿಗೆ ಹೆಸರಿಗೆ ಎರಡು ಕಣ್ಣು, ದುಡಿಯುವುದು ಒಂದೇ. ಎಡಗಣ್ಣು ಹುಟ್ಟಿನಿಂದಲೇ ಮಂದ. ನೋಡಿದವರಿಗೆ ತಿಳಿಯುತ್ತಿರಲಿಲ್ಲ, ಮನೆಯವರಿಗೆ ಮಾತ್ರ ಗೊತ್ತು. ಚೆಂಡು ಎಸೆದರೆ ಕೈಗೆ ಸಿಗದೆ ಮೂಗಿಗೆ ಬಡಿಯುತ್ತಿತ್ತು. ಸರ್ಜರಿ ಓದಲು ಸೀಟು ಸಿಕ್ಕ ದಿನ ಅಣ್ಣ, "ಚೆಂಡು ಹಿಡಿಯೋಕೆ ಬರದವಳು ಹೊಟ್ಟೆ ಕೊಯ್ತಾಳಂತೆ!" ಎಂದು ನಕ್ಕ. ಅಮ್ಮ ನಗಲಿಲ್ಲ. "ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ಮನಿರು," ಎಂದಳು. ಯಾರೂ ಕೇಳಲಿಲ್ಲ.

ತರಬೇತಿ ಕೋಣೆಯ ಮೇಜುಗಳ ಮೇಲೆ ಮುಚ್ಚಿದ ಪೆಟ್ಟಿಗೆಗಳಿದ್ದವು, ಹೊಟ್ಟೆ ತೆರೆಯದೆ ಸಣ್ಣ ತೂತಿನಿಂದಲೇ ಮಾಡುವ ಆಪರೇಷನ್ನಿನ ಅಭ್ಯಾಸಕ್ಕೆ. ಮುಚ್ಚಳದಲ್ಲಿ ಎರಡು ತೂತು, ಒಳಗೊಂದು ಕ್ಯಾಮೆರಾ. ತೂತಿನಿಂದ ಉದ್ದನೆಯ ಇಕ್ಕಳ ಇಳಿಸಿ, ಎದುರಿನ ಪರದೆ ನೋಡುತ್ತಾ, ರಬ್ಬರ್ ಉಂಗುರಗಳನ್ನು ಗೂಟದಿಂದ ಗೂಟಕ್ಕೆ ಸಿಕ್ಕಿಸಬೇಕು. ಇಲ್ಲಿ ಕೈ ಪಳಗದವರಿಗೆ ಆಪರೇಷನ್ ಥಿಯೇಟರಿನಲ್ಲಿ ಜಾಗವಿಲ್ಲ. ಇವತ್ತು ಬಣ್ಣ ಬಯಲಾಯಿತು, ಸರ್ಜರಿ ಇಲ್ಲಿಗೆ ಮುಗಿಯಿತು ಎಂದುಕೊಂಡೇ ಅವಳು ಇಕ್ಕಳ ಹಿಡಿದಳು.

ಆದದ್ದೇ ಬೇರೆ. ಚಪ್ಪಟೆ ಪರದೆಯಲ್ಲಿ ಆಳವೆಂಬುದೇ ಇಲ್ಲ. ಎರಡೂ ಕಣ್ಣು ನೆಟ್ಟಗಿದ್ದವರು ಗೂಟದ ಮುಂದೆ, ಹಿಂದೆ, ಬರಿಗಾಳಿಯಲ್ಲಿ ಉಂಗುರ ಬಿಡುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚಿನ್ನದ ಪದಕ ಗೆದ್ದು ಬಂದವನೊಬ್ಬ, "ಈ ಕ್ಯಾಮೆರಾನೇ ಸರಿಯಿಲ್ಲ," ಎಂದು ಗೊಣಗಿದ. ಅವಳಿಗೆ ಮಾತ್ರ ಅದು ತವರುಮನೆ. ಇಕ್ಕಳದ ತುದಿಯೂ ಅದರ ನೆರಳೂ ಕೂಡಿಕೊಂಡವೆಂದರೆ ತಳ ಸಿಕ್ಕಿತೆಂದೇ ಲೆಕ್ಕ. ಹುಟ್ಟಿದಾಗಿನಿಂದ ಜಗತ್ತನ್ನು ಅವಳು ನೋಡಿದ್ದೇ ಹೀಗೆ. ಉಂಗುರಗಳು ಒಂದೂ ತಪ್ಪದೆ ಗೂಟಕ್ಕೆ ಕೂತವು.

ಕಲಿಸುವ ಮೇಡಂ ಬಂದು ಬೆನ್ನ ಹಿಂದೆ ನಿಂತರು. "ಎಲ್ರೂ ಇಲ್ಲಿ ಬನ್ನಿ. ಹೇಗೆ ಮಾಡ್ತಿದ್ದೀಯ, ಹೇಳಮ್ಮ ಇವರಿಗೆ."

ಅಭ್ಯಾಸ ಮಾಡಿಕೊಂಡು ಬಂದಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಈಗ ಕೇಳಿಯೇಬಿಟ್ಟಿದ್ದರಲ್ಲ.

"ನೆರಳು ನೋಡ್ತೀನಿ ಮೇಡಂ. ನನ್ನ ಎಡಗಣ್ಣು ಕಾಣೋದು ಅಷ್ಟಕ್ಕಷ್ಟೇ. ಆಳ ಅನ್ನೋದು ನನಗೆ ಯಾವತ್ತೂ ಕಂಡಿಲ್ಲ."

"ಯಾಕೆ ಮುಚ್ಚಿಟ್ಟೆ?" ಎಂದರು ಮೇಡಂ.

"ತೆಗೆದುಹಾಕ್ತೀರಿ ಅಂತ ಭಯ."

ಮೇಡಂ ಪರದೆಯಲ್ಲಿ ಗೂಟಕ್ಕೆ ಕೂತ ಉಂಗುರಗಳನ್ನು ಎಣಿಸಿದರು. "ಹೊಟ್ಟೆ ತೆರೆದು ಮಾಡೋ ಆಪರೇಷನ್ನಿಗೆ ನೀನು ಸಾಕಾ ಅಂತ ಬೇರೆ ಪರೀಕ್ಷೆ ಮಾಡಿಸ್ತೀನಿ. ಅದರಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಸೋಮವಾರ ಥಿಯೇಟರಿಗೆ ಬಾ, ಕ್ಯಾಮೆರಾ ಹಿಡ್ಕೊ. ಅನುಮಾನ ಬಂದ್ರೆ ಬಾಯಿಬಿಟ್ಟು ಹೇಳು. ಇನ್ನೊಮ್ಮೆ ಮುಚ್ಚಿಟ್ರೆ ಮಾತ್ರ ಕಳಿಸಿಬಿಡ್ತೀನಿ."

ಸರಿ ಎಂದಳು. ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದ ಭಯ ಇಳಿದ ಸುಖಕ್ಕೆ, ಎಲ್ಲರ ಎದುರಿಗೇ ಅಳು ಬಂದುಬಿಟ್ಟಿತು.

"ಅಳೋದು ಆಮೇಲೆ," ಎಂದರು ಮೇಡಂ. "ಮೊದಲು ಇವರಿಗೆ ಆ ನೆರಳು ತೋರಿಸು."

ಅವಳು ಅಳುತ್ತಲೇ ತೋರಿಸಿದಳು.