ಬಲಭುಜದ ದೊಡ್ಡ ಹೂವು

ರೋಣದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷಕ್ಕೆ ನಾನು ತತ್ವಶಾಸ್ತ್ರ ತೆಗೆದುಕೊಂಡದ್ದು ದೊಡ್ಡಪ್ಪನಿಗೆ ಹಿಡಿಸಿರಲಿಲ್ಲ. "ತತ್ವಪದ ಹಾಡಾಕ ರೋಣಕ್ಯಾಕ ಹೋಗ್ಬೇಕು? ಮಠದಾಗ ಭಜನಿಗೆ ಕುಂತ್ರ ಸಾಕಲ್ಲ" ಎನ್ನುತ್ತಿದ್ದ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆದರೆ ಅಬ್ಬಿಗೇರಿಯ ನಮ್ಮ ಮನೆಯಲ್ಲಿ ಅವನೆದುರು ಅಪ್ಪನೇ ಬಾಯಿ ಬಿಡುತ್ತಿರಲಿಲ್ಲ, ಇನ್ನು ನನ್ನದೇನು. ನುಂಗಿಕೊಂಡು ಬಸ್ಸು ಹತ್ತುತ್ತಿದ್ದೆ.

ನಿಜ ಹೇಳಬೇಕೆಂದರೆ, ಮೊದಮೊದಲು ಪಾಠ ತಲೆಗೆ ಹತ್ತುತ್ತಲೂ ಇರಲಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎಂಬುದನ್ನೇ ಸರ್ ದಿನಗಟ್ಟಲೆ ಎಳೆಯುತ್ತಿದ್ದರು. ಒಂದು ದಿನ ಅದನ್ನೇ ತಿರುವಿ ಕೇಳಿದರು. "ಹಂಗಾರ ಬೆಂಕಿ ಇದ್ದಲ್ಲೆಲ್ಲಾ ಹೊಗಿ ಇರತೈತೇನು?" ತರಗತಿಯೆಲ್ಲ ಹೌದೆಂದಿತು. ಬೆಳಗಾದರೆ ಒಲೆ ಊದುವವಳು ನಾನು, ಸುಮ್ಮನಿರಲಾಗಲಿಲ್ಲ. "ಇಲ್ರಿ ಸರ್. ಕಟಗಿ ಹಸೀ ಇದ್ರಷ್ಟ ಹೊಗಿ. ಒಣಗಿದ್ರ ಇಲ್ಲ." ಸರ್ ಮುಖ ಅರಳಿತು. ಎರಡು ಸಂಗತಿ ಜೊತೆಗೆ ಕಂಡರೆ ಒಂದರಿಂದಲೇ ಇನ್ನೊಂದು ಆಯಿತೆಂದು ನಂಬಬೇಡಿ, ನಡುವೆ ನುಸುಳಿದ ಮೂರನೆಯದನ್ನು ಹುಡುಕಿ, ಅದಕ್ಕೆ ಉಪಾಧಿ ಎನ್ನುತ್ತಾರೆ ಎಂದರು. ಅವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ನನ್ನ ಒಲೆಯ ಮಾತಿಗೆ ಶಾಸ್ತ್ರದಲ್ಲಿ ಹೆಸರಿತ್ತು!

ಆ ವಾರವೇ ಎಸ್‌ಟಿಡಿ ಅಂಗಡಿಗೆ ಕೊಣ್ಣೂರಿನಿಂದ ಫೋನ್ ಬಂತು. ನನ್ನನ್ನು ನೋಡಿ ಹೋಗಿದ್ದವರು ಒಪ್ಪಿದ್ದರು. ಪರೀಕ್ಷೆಗೆ ಮೊದಲೇ ಮದುವೆ ಆಗಬೇಕು, ಆಮೇಲೆ ಕಾಲೇಜು ಬೇಡ ಅಂದರಂತೆ. ದೊಡ್ಡಪ್ಪ ಹಿಗ್ಗಿದ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೆಲ ನೋಡುತ್ತ, "ದ್ಯಾಮವ್ವನ್ನ ಕೇಳೂಣು" ಎಂದ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮಲ್ಲಿ ದೇವಿಗೆ ಹೂ ಹಚ್ಚಿ ಕೇಳುತ್ತಾರೆ. ಕಲ್ಲಿನ ಮೂರ್ತಿಯ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಶುಕ್ರವಾರ ಗುಡಿಯಲ್ಲಿ ದೊಡ್ಡಪ್ಪನೇ ಮುಂದೆ ನಿಂತು ಕೇಳಿದ. "ತಾಯೀ, ಈ ಮದಿವಿ ಮಾಡೂಣೇನು?"

ಪೂಜಾರಿ ಅಜ್ಜ ಬುಟ್ಟಿಯಿಂದ ಎರಡು ಸೇವಂತಿಗೆ ಆರಿಸಿದ. ಬಲಕ್ಕೆ ದೊಡ್ಡ ಹೂವು ಏರಿಸುವುದು ಅವನ ಪದ್ಧತಿ. ಬಲಗಡೆಯೆಂದರೆ ಹೆಚ್ಚಿನ ಮರ್ಯಾದೆಯ ಕಡೆ. ಅದರಲ್ಲಿ ಮೋಸವೇನೂ ಇರಲಿಲ್ಲ. ಆದರೆ ನೀರು ಕುಡಿದ ಆ ದೊಡ್ಡ ಹೂವು ನನ್ನ ಕಣ್ಣೆದುರೇ ಜಾರತೊಡಗಿತ್ತು. ಎಡಗಡೆಯ ಮೊಗ್ಗಿನಂಥದು ಕಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮಾತಾಡಿದರೆ, ಕಾಲೇಜು ಹುಡುಗಿಯನ್ನು ಕೆಡಿಸಿತು ಎಂಬುದಕ್ಕೆ ನಾನೇ ಸಾಕ್ಷಿ. ಸುಮ್ಮನಿದ್ದರೆ ಕೊಣ್ಣೂರು.

ಬಲಗಡೆಯ ಹೂವು ಬಿತ್ತು. ದೊಡ್ಡಪ್ಪ ಕೈ ಮುಗಿದ.

"ಅಜ್ಜಾರ, ಹೂವ ಅದಲ ಬದಲ ಮಾಡಿ ಇನ್ನೊಮ್ಮೆ ಕೇಳ್ರಿ" ಎಂದೆ.

ಅವ್ವ ನನ್ನ ರಟ್ಟೆ ಚಿವುಟಿದಳು. ದೊಡ್ಡಪ್ಪ ತಿರುಗಿ ನೋಡಿದ. "ದೇವೀಗೇ ಪರೀಕ್ಷಾ ಮಾಡ್ತೀಯೇನು? ಇದನ್ನ ಕಲಸ್ಯಾರೇನು ನಿಮ್ಮ ಕಾಲೇಜಿನ್ಯಾಗ?"

ಪೂಜಾರಿ ಅಜ್ಜ ಯಾರ ಮಾತು ಕೇಳಬೇಕೆಂದು ತಿಳಿಯದೆ ಒಬ್ಬೊಬ್ಬರ ಮುಖ ನೋಡಿದ. ಬಾಗಿಲ ಬಳಿ ನಿಂತಿದ್ದ ಅಪ್ಪ ಮೆಲ್ಲಗೆ, "ಒಂದ್ಸಲ ಮಾಡ್ರಿ, ಅಜ್ಜಾರ" ಎಂದ.

ಬಿದ್ದ ಹೂವನ್ನು ಅಜ್ಜ ಮತ್ತೆ ಅದ್ದಿ ಎಡಕ್ಕೆ ಅಂಟಿಸಿದ, ಸಣ್ಣದನ್ನು ಬಲಕ್ಕೆ. ಈ ಸಲ ಎಡಗಡೆಯದು ಬಿತ್ತು.

"ಮೊದಲ ಕೇಳಿದ್ದ ಖರೇ" ಎಂದ ದೊಡ್ಡಪ್ಪ. ನಾನು ಉಪಾಧಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಒಳಗೆ ಬಂದು ನೆಲದ ಮೇಲಿನ ಹೂವನ್ನು ಎತ್ತಿಕೊಂಡ. ಅಂಗೈಯಲ್ಲಿ ಅದರ ತೂಕ ನೋಡಿದ.

"ಎರಡೂ ಸಲ ಇದ ಬಿತ್ತಲ್ಲಣ್ಣ. ದೇವಿ ಏನೂ ಹೇಳಿಲ್ಲ."

ಗೆದ್ದೆ ಅಂದುಕೊಂಡೆ. ಮರುಕ್ಷಣವೇ ಇನ್ನೊಂದು ಹೊಳೆಯಿತು. ದೇವಿ ಹೇಳದಿದ್ದರೆ ಇನ್ನು ಹೇಳಬೇಕಾದವನು ಅಪ್ಪ. ಅವನೋ ಜನ್ಮದಲ್ಲಿ ಅಣ್ಣನಿಗೆ ಎದುರಾಡಿದವನಲ್ಲ. ಅವನಿಗಿದ್ದ ಒಂದೇ ಮರೆಯನ್ನು ನಾನೇ ಕಿತ್ತುಹಾಕಿದ್ದೆ. ಅಪ್ಪನ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

"ಹುಡಿಗಿ ಕಲೀಲಿ. ಮದಿವಿ ಈಗ ಬ್ಯಾಡ" ಎಂದ. "ಇದು ದೇವೀ ಮಾತಲ್ಲ, ಅಣ್ಣಾ. ನನ್ನ ಮಾತು."

ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ.

ಸೋಮವಾರ ನಾನು ಕಾಲೇಜಿಗೆ ಹೋದೆ, ಮುಂದೆ ಪರೀಕ್ಷೆಯನ್ನೂ ಬರೆದೆ. ನಮ್ಮ ಮನೆಯ ಜೋಡೆತ್ತಿನಲ್ಲಿ ಒಂದು ಅಪ್ಪನದು, ಒಂದು ದೊಡ್ಡಪ್ಪನದು. ಮಳೆ ಬಿದ್ದ ಮರುದಿನ ದೊಡ್ಡಪ್ಪ ತನ್ನ ಎತ್ತು ಬಿಚ್ಚಿಕೊಂಡು ಹೋದ. ಎಲ್ಲರೂ ಬಿತ್ತುತ್ತಿರುವಾಗ ಅಪ್ಪ ಉಳಿದೊಂದು ಎತ್ತಿನ ಹಗ್ಗ ಹಿಡಿದು ಅದಕ್ಕೆ ಜೋಡಿಯಾಗಿ ಒಂದು ಎತ್ತು ಕೇಳುತ್ತ ಊರೆಲ್ಲ ತಿರುಗಿದ.