ಸಿಸ್ಟರ್ ಮನೆಗೆ ಬಂದ ಹಿರಿಯರು

ಸಿಸ್ಟರ್ ಅವರ ಕೊರಳ ಗುಳಿಯ ಕೆಳಗೆ ಶಿಲುಬೆಯ ಆಕಾರದ ಒಂದು ತಿಳಿ ಗುರುತಿತ್ತು. ವರ್ಷಗಟ್ಟಲೆ ಹಾಕಿಕೊಂಡಿದ್ದ ಚಿನ್ನದ ಪದಕವನ್ನು ತೆಗೆದಿಟ್ಟ ಮೇಲೆ, ಬಿಸಿಲು ಕಾಣದ ಅಷ್ಟು ಚರ್ಮ ಮಾತ್ರ ಎಳೆಯದಾಗಿ ಉಳಿದುಬಿಟ್ಟಿತ್ತು. ಅವರ ಹತ್ತಿರ ಬಿಪಿ ನೋಡಿಸಿಕೊಳ್ಳಲು ತೋಳು ಚಾಚಿ ಕೂತಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೆಂಗಸರ ಕೊರಳು ನೋಡುತ್ತಾನೆ ಅಂದುಕೊಂಡಾರು ಎಂಬ ಗಾಬರಿಗೆ ಬಿಪಿ ಏರಿತೇನೋ ಅನ್ನಿಸುತ್ತಿತ್ತು. ಅವರು ಪಟ್ಟಿ ಬಿಚ್ಚುತ್ತ, “ನಿನ್ನ ಬಿಪಿ ಸರಿ ಐತೆ ಕಣಪ್ಪ, ತಲೆನೇ ಸ್ವಲ್ಪ ನೋಡಿಸ್ಬೇಕು” ಅನ್ನುತ್ತಿದ್ದರು.

ಹೊನ್ನಾಳಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ಜಗಳೂರು, ನ್ಯಾಮತಿ ಅಂತ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಗಂಡ ಜಗಳೂರಿನಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು, ತೀರಿಕೊಂಡು ಬಹಳ ದಿನವಾಗಿತ್ತು. ನಮ್ಮೂರಿನ ಚರ್ಚಿನ ಸಮಾಧಿ ಸ್ಥಳದಲ್ಲಿ ಮಲಗಿದ್ದರು. ಮಕ್ಕಳಿರಲಿಲ್ಲ. ಊರಿಗೆಲ್ಲ ಅವರು ಸಿಸ್ಟರ್. ನನ್ನ ಅವ್ವನಿಗೆ ಸಿಸ್ಟರಮ್ಮ. ಗೊಬ್ಬರದ ಅಂಗಡಿ ಇಟ್ಟುಕೊಂಡು, ಮಳೆ ಬಂದರೂ ಬಾರದಿದ್ದರೂ ಚಿಂತೆ ಮಾಡುವ ನನ್ನಂಥವನಿಗೆ ಪಕ್ಕದಲ್ಲೇ ನರ್ಸ್ ಇರುವುದು ದೊಡ್ಡ ಅನುಕೂಲ.

ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿನ ತಂಗಿಯ ಮಗಳ ಮನೆಗೆ ಹೋದವರು, ಕಣ್ಣಿನ ಜೊತೆ ಧರ್ಮವನ್ನೂ ಬದಲಿಸಿಕೊಂಡು ಬಂದರು. ನಮಗೆ ಗೊತ್ತಾದದ್ದು ಕಾಫಿಯಿಂದ. ಅಲ್ಲಿಯತನಕ ಅವ್ವನ ಕಾಫಿಯನ್ನು ಲೋಟ ತುಂಬ ಕುಡಿಯುತ್ತಿದ್ದವರು, ಅವತ್ತು ಬೇಡ ಅಂದರು. ಟೀ? ಅದೂ ಬೇಡ. ಅವ್ವನ ಮುಖ ಗಂಟಾಯಿತು.

“ಏನೇ ಸಿಸ್ಟರಮ್ಮ, ಈ ವಯಸ್ಸಿನಾಗೆ ಮಡಿ ಮೈಲಿಗೆ ನೋಡಾಕೆ ಶುರು ಮಾಡಿದ್ಯೇನು?”

“ಅಯ್ಯೋ ಅವ್ವಾ, ನಾನೀಗ ಮಾರ್ಮನ್ ಆಗೀನಿ. ನಮ್ಮಲ್ಲಿ ಕಾಫಿ, ಟೀ ಕುಡಿಯಾಂಗಿಲ್ಲ.”

“ಹಂಗಾರೆ ಕ್ರಿಶ್ಚಿಯನ್ ಅಲ್ಲೇನು ನೀನು?”

“ಕ್ರಿಶ್ಚಿಯನ್ನೇ.”

“ಮತ್ತೆ ನಿಮ್ಮ ಚರ್ಚಿನ ಅಯ್ಯನೋರು ಕುಡೀತಾರಲ್ಲ?”

“ಅವ್ರು ಬೇರೆ ಕ್ರಿಶ್ಚಿಯನ್.”

“ಒಳಪಂಗಡ ಬೇರೆ ಅನ್ನು” ಎಂದು ಅವ್ವ ಜೀರಿಗೆ ಕಷಾಯಕ್ಕೆ ನೀರಿಟ್ಟಳು. ಅವಳಿಗೆ ಅಷ್ಟು ಸಾಕು. ನನಗೆ ಸಾಲಲಿಲ್ಲ. ಬಿಪಿಯ ನೆಪದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದವನು ಈಗ ಸಿಕ್ಕ ಸಿಕ್ಕ ದಿನ ಹೋಗಿ ಕೇಳತೊಡಗಿದೆ. ಬೈಬಲ್ ಬಿಟ್ಟಿರೇನು? ಬಿಟ್ಟಿಲ್ಲ, ಅದರ ಜೊತೆಗೆ ಇನ್ನೂ ಗ್ರಂಥಗಳು ಸೇರಿವೆ. ಶಿಲುಬೆ ಯಾಕೆ ತೆಗೆದಿರಿ? “ಯೇಸು ಸತ್ತದ್ದಕ್ಕಿಂತ ಎದ್ದದ್ದು ದೊಡ್ಡದು ಅಂತಾರೆ. ನಂಗೂ ಆಸ್ಪತ್ರೆನಾಗೆ ಎದ್ದು ಹೋದೋರ ನೆನಪೇ ಇಷ್ಟ.” ಪ್ರಭುಭೋಜನದ ಸಂಸ್ಕಾರದಲ್ಲಿ ದ್ರಾಕ್ಷಾರಸವಿಲ್ಲ, ರೊಟ್ಟಿಯ ಜೊತೆ ಬರೀ ನೀರು. ಸಂಬಳದ ಪಾದ್ರಿ ಇಲ್ಲ. ಬ್ಯಾಂಕಿನವನೋ ಮೇಷ್ಟ್ರೋ ಸರದಿಯಲ್ಲಿ ಸಭೆ ನಡೆಸುತ್ತಾರೆ. ಪ್ರವಾದಿಗಳ ಕಾಲ ಮುಗಿದಿಲ್ಲ, ಈಗಲೂ ಒಬ್ಬರಿದ್ದಾರೆ. ಪರಲೋಕದ ತಂದೆಗೆ ನಮ್ಮ ಹಾಗೆ ಮೈಯಿದೆ, ಮಾಂಸವಿದೆ, ಎಲುಬಿದೆ.

“ಎಲುಬು?” ಅಂದೆ. ನನ್ನ ಸೊಂಟದ ಎಲುಬಿನ ಚಿಂತೆಯೇ ನನಗೆ ಸಾಕಾಗಿತ್ತು.

“ಅವ್ನಿಗೆ ನೋಯಲ್ಲ ಬಿಡು.”

ಕಾಂಪೌಂಡಿನ ಆಚೆ ಹೀಗೆ ಧರ್ಮ ವಿಚಾರ ನಡೆಸುತ್ತ, ಈಚೆ ಬಂದ ತಕ್ಷಣ ನಾನು ಹೆದರುತ್ತಿದ್ದೆ. ಸಿಸ್ಟರ್ ನನ್ನನ್ನೇ ಮತಾಂತರ ಮಾಡುತ್ತಿದ್ದಾರೆ ಎಂದು ಯಾರಾದರೂ ಅಂದುಬಿಟ್ಟರೆ? ಅವರಿಗೆ ಹೇಳಿದೆ. “ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಎರಡು ಕಾಫಿ ಕುಡಿಯೋನು ನೀನು. ನಿನ್ನನ್ನ ಸೇರಿಸ್ಕೊಂಡು ನಾವೇನು ಮಾಡಾಣ?” ಎಂದು ನಕ್ಕರು. ಸಮಾಧಾನವಾಯಿತು. ಸ್ವಲ್ಪ ಅವಮಾನವೂ ಆಯಿತು.

ಹಿರಿಯರ ಹಬ್ಬದ ಪಕ್ಷದಲ್ಲಿ ಒಂದು ದಿನ ಸಿಸ್ಟರ್ ಕಾಂಪೌಂಡಿನ ಮೇಲಿಂದ ಅವ್ವನಿಗೆ ಹೇಳಿದರು: “ಭಾನುವಾರ ನಮ್ಮನೆಗೆ ಹಿರೇರು ಬರ್ತಾರೆ ಅವ್ವಾ.”

ನಮ್ಮಲ್ಲಿ ಆ ಹದಿನೈದು ದಿನ ಹಿರಿಯರು ಅಂದರೆ ತೀರಿಹೋದವರು. ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದೆಲ್ಲ ಮಾಡಿ ಎಡೆ ಇಡುತ್ತೇವೆ. ಪಾಪ, ಈಕೆಯೂ ಗಂಡನಿಗೆ ಎಡೆ ಇಡುತ್ತಾಳೆ, ಮಾಡಾಕೆ ಕೈಲಾಗಲ್ಲ ಎಂದುಕೊಂಡ ಅವ್ವ ಭಾನುವಾರ ಹೋಳಿಗೆ, ಕಡುಬು, ಕುಂಬಳಕಾಯಿ ಪಲ್ಯ ಮಾಡಿ, ಬಾಳೆಲೆ ಮುಚ್ಚಿ ನನ್ನ ಕೈಲಿ ಹೊರಿಸಿಕೊಂಡು ಹೊರಟಳು. ಬಾಗಿಲಲ್ಲಿ ನೋಡಿದರೆ, ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿದ ಇಬ್ಬರು ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿದರು.

“ಇವ್ಯಾವ ಹಿರೇರೇ, ಮೀಸೆನೇ ಬಂದಿಲ್ಲ!” ಎಂದಳು ಅವ್ವ.

ಸಿಸ್ಟರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಅವರ ಸಭೆಯಲ್ಲಿ ಧರ್ಮಸೇವೆಗೆ ಹೊರಟ ಹುಡುಗರನ್ನು ಎಲ್ಡರ್ ಅನ್ನುತ್ತಾರಂತೆ. ಅದನ್ನೇ ಅವರು ಕನ್ನಡ ಮಾಡಿ ಹೇಳಿದ್ದರು. “ಹಳೇ ಚರ್ಚಿನಾಗೆ ತಲೆ ನರೆತ ಮ್ಯಾಲೆ ಹಿರೇರಾಗ್ತಾರೆ ಅವ್ವಾ. ನಮ್ಮಲ್ಲಿ ಬೇಗ.” ಅತ್ತ ಹಿರಿಯರು ಸತ್ತವರಿಗೆಂದು ಮಾಡಿದ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ ತಿನ್ನುತ್ತಿದ್ದರು. ಇದು ಅಶುಭವೇ, ಯಾರಿಗೆ, ಹುಡುಗರಿಗೋ ನಮಗೋ ಎಂದು ನಾನು ಬೆವರುತ್ತಿದ್ದೆ.

ಹುಡುಗರು ಬಸ್ಸಿಗೆ ಹೋದ ಮೇಲೆ ಸಿಸ್ಟರ್ ಮೆಲ್ಲಗೆ ಹೇಳಿದರು: “ನೀನು ಮಾಡಿದ್ದು ಪೂರಾ ತಪ್ಪೇನಲ್ಲ ಅವ್ವಾ. ನಮ್ಮಲ್ಲೂ ಸತ್ತೋರಿಗೆ ಮಾಡೋದು ಐತೆ. ಅವ್ರ ಹೆಸರಿನಾಗೆ ಬದುಕಿರೋರು ನೀರಿಗಿಳಿದು ದೀಕ್ಷಾಸ್ನಾನ ತಗೋತೀವಿ. ಬೇರೆ ಚರ್ಚಿನೋರು ಇದನ್ನ ಒಪ್ಪಲ್ಲ.”

“ಸತ್ತೋನಿಗೆ ಅದು ಬ್ಯಾಡಾದ್ರೆ?”

“ಒಪ್ಪೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ಬಾಗ್ಲು ತೆಗೆಯೋದಷ್ಟೇ ನಮ್ಮ ಕೆಲ್ಸ.”

“ನಮ್ಮದೂ ಅಷ್ಟೇ ಬಿಡೇ. ಎಡೆ ಇಡ್ತೀವಿ, ಕಾಗೆ ಮುಟ್ಟಿದ್ರೆ ಮುಟ್ತು.”

ಅವತ್ತೇ ನನಗೆ ತಿಳಿದದ್ದು, ಅವರು ಪಂಗಡ ಬಿಟ್ಟದ್ದು ಎಲುಬಿಗೂ ಅಲ್ಲ, ಗ್ರಂಥಕ್ಕೂ ಅಲ್ಲ ಅಂತ. ಮದುವೆಯಲ್ಲಿ ಅವರ ಬಾಯಲ್ಲಿ ‘ಮರಣವು ನಮ್ಮನ್ನು ಅಗಲಿಸುವ ತನಕ’ ಎಂದು ಹೇಳಿಸಿದ್ದರು. ಗಂಡ ಹೋದ ಮೇಲೆ ಅಯ್ಯನವರನ್ನು ಕೇಳಿದರಂತೆ, ಪರಲೋಕದಲ್ಲಿ ನಾವು ಗಂಡ ಹೆಂಡತಿಯೋ ಅಲ್ಲವೋ ಎಂದು. ಅಲ್ಲಿ ಮದುವೆ ಎಂಬುದಿಲ್ಲ ಎಂದು ಯೇಸುವೇ ಹೇಳಿದ್ದಾನೆ ಅಂದರಂತೆ. ಬೆಂಗಳೂರಿನ ಸಭೆಯವರು ಮಾತ್ರ, ದೇವಾಲಯದಲ್ಲಿ ವಿಧಿ ಮಾಡಿಸಿದರೆ ಮದುವೆ ಸಾವಿನಾಚೆಗೂ ಉಳಿಯುತ್ತದೆ, ಸತ್ತ ಗಂಡನ ಜೊತೆಗೂ ಮಾಡಿಸಬಹುದು ಅಂದರು. “ನಂಗಷ್ಟೇ ಬೇಕಿತ್ತಪ್ಪ.”

ಆ ದೇವಾಲಯ ಬೆಂಗಳೂರಿನಲ್ಲಿ ಇನ್ನೂ ಕಟ್ಟುತ್ತಿದ್ದರು. ಅದು ಮುಗಿಯುವ ಮೊದಲೇ ಸಿಸ್ಟರ್‌ಗೆ ಉಸಿರು ಕಟ್ಟತೊಡಗಿತ್ತು. ಒಂದು ಸಂಜೆ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತದೆ ಹಾಗೇ ಕೂತರು.

“ವಿಧಿ ನಾನು ಹೋದಮ್ಯಾಲೂ ನಮ್ಮೋರು ಮಾಡ್ತಾರೆ. ಮ್ಯಾಲಿಂದು ಅವ್ರು ನೋಡ್ಕೋತಾರೆ. ಕೆಳಗಿಂದು ನೀನು ನೋಡ್ಕೋ. ನನ್ನನ್ನ ನನ್ನ ಯಜಮಾನ್ರ ಪಕ್ಕ ಮಲಗಿಸ್ಬೇಕು. ಅಯ್ಯನೋರ್ನ ಕೇಳು.”

“ನೀವೇ ಈಗ್ಲೇ ಕೇಳಬಹುದಲ್ಲ ಸಿಸ್ಟರ್?”

“ನಾನು ಕೇಳಿದ್ರೆ ವಾದ ಆಗ್ತೈತೆ. ಸತ್ತಮ್ಯಾಲೆ ನಂಗೆ ವಾದ ಮಾಡಾಕೆ ಬರಲ್ಲ.”

ಆಮೇಲೆ ಗಾಳಿ ಒತ್ತಿ ನೋಡಿದರು. “ನೋಡು, ನನ್ನ ಸಾವಿಗೆ ನಿನ್ನ ಬಿಪಿ ಏರೈತೆ.”

ಅವರು ಹೋದದ್ದು ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದಲ್ಲೇ. ತಂಗಿಯ ಮಗಳು ಬೆಂಗಳೂರಿನಿಂದ ಹೊರಟಳು, ನಾನು ಚರ್ಚಿಗೆ ಹೊರಟೆ. ದಾರಿಯುದ್ದಕ್ಕೂ ಅಯ್ಯನವರು ಬೇಡ ಅನ್ನುವುದನ್ನು ಹತ್ತಾರು ರೀತಿಯಲ್ಲಿ ಊಹಿಸಿಕೊಳ್ಳುತ್ತ ಒಳಗೆ ಹೋದೆ.

ಅಯ್ಯನವರು ಕಾಫಿ ಕೊಟ್ಟರು. ಸಿಟ್ಟಿನ ಮನುಷ್ಯರಲ್ಲ, ನಿಧಾನವಾಗಿ ಹೇಳಿದರು. “ನೋಡ್ರೀ, ಇದು ಕಾಫಿ ಬಿಟ್ಟ ವಿಷ್ಯ ಅಲ್ಲ. ನಮಗೆ ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು. ಅವ್ರಿಗೆ ಮೂವರೂ ಬೇರೆ ಬೇರೆ, ಮನಸ್ಸು ಮಾತ್ರ ಒಂದು. ಬುಡದಾಗೇ ಬೇರೆ ಆಯ್ತು. ಅವ್ರ ದೀಕ್ಷಾಸ್ನಾನ ನಾವು ಒಪ್ಪಲ್ಲ, ನಮ್ಮದು ಅವ್ರು ಒಪ್ಪಲ್ಲ. ಸಿಸ್ಟರ್ ನಮ್ಮ ಸಭೆ ಬಿಟ್ಟಾಗ ನಂಗೆ ನೋವಾಗಿತ್ತು.”

ನನಗೆ ಗೊತ್ತಿದ್ದ ಒಂದೇ ಮಾತು ಬಾಯಿಗೆ ಬಂತು. “ಆದ್ರೆ ಅವ್ರ ಯಜಮಾನ್ರು ನಿಮ್ಮೋರೇ ಅಲ್ವಾ ಅಯ್ಯನೋರೇ. ಅವ್ರು ಅಲ್ಲಿ ಒಬ್ರೇ ಅದಾರೆ.”

ಅಯ್ಯನವರು ಲೋಟ ಕೆಳಗಿಟ್ಟರು. ಎದ್ದು ಸಮಾಧಿ ಸ್ಥಳದ ಗೇಟಿನ ಬೀಗದ ಕೈ ತೆಗೆದುಕೊಂಡರು.

“ಮರಣ ಅಗಲಿಸ್ತೈತೆ ಅಂತ ಮದುವೆನಾಗೆ ಹೇಳಿಸ್ತೀವಿ. ಪಾಸ್ಟರ್ ಅಗಲಿಸ್ತಾನೆ ಅಂತ ಹೇಳಿಸಲ್ಲ. ಬರ್ರಿ.”

ಗಂಡನ ತಲೆಯ ಬಳಿ ಶಿಲುಬೆಯಿದೆ. ಸಿಸ್ಟರ್ ಸಮಾಧಿಗೆ ಇಲ್ಲ, ಬರೀ ಕಲ್ಲು. ಮಣ್ಣು ಮಾಡಿದ ದಿನ ಬಿಳಿ ಶರ್ಟಿನ ಹಿರಿಯರು ಪ್ರಾರ್ಥನೆ ಮಾಡಿದರು. ಅಯ್ಯನವರು ಅದರಲ್ಲಿ ಸೇರಲಿಲ್ಲ, ಗೇಟಿನ ಹೊರಗೂ ಹೋಗಲಿಲ್ಲ. ಸಂಜೆಯ ಬಿಸಿಲಿಗೆ ಗಂಡನ ಶಿಲುಬೆಯ ನೆರಳು ಪಕ್ಕದ ಹಸಿ ಮಣ್ಣಿನ ಮೇಲೆ ಬಿದ್ದಿತ್ತು. ಅದನ್ನು ಯಾರೂ ತಡೆಯುವಂತಿರಲಿಲ್ಲ.

ಈ ಸಲದ ಹಿರಿಯರ ಹಬ್ಬಕ್ಕೆ ಅವ್ವ ಅಪ್ಪನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿದಳು. ಅಪ್ಪನಿಗೆ ಕಾಫಿ, ಆ ಎಲೆಗೆ ಜೀರಿಗೆ ಕಷಾಯ.

“ಅವರ ಧರ್ಮ ಬೇರೆ ಅಲ್ವೇನವ್ವಾ, ಇದು ನಡೀತೈತಾ?” ಎಂದೆ.

“ಒಪ್ಪೋದು ಬಿಡೋದು ಅವಳಿಗೆ ಬಿಟ್ಟಿದ್ದು” ಎಂದು ಅವ್ವ ನನ್ನನ್ನು ಹೊರಗೆ ಕರೆದು ಬಾಗಿಲು ಮುಂದೆ ಮಾಡಿದಳು. ಹಿರಿಯರು ಉಣ್ಣುವಾಗ ನೋಡಬಾರದು.