ಖಂಡೇನವಮಿಯ ಮರುದಿನ ಕೆಟ್ಟ ಪ್ರಾಕ್ಸಿ

ಕೊರೊನಾ ತಣ್ಣಗಾದ ಮರುವರ್ಷ. ನಾನಾಗ ಜಮಖಂಡಿಯಲ್ಲಿದ್ದುಕೊಂಡು ಸುತ್ತಲಿನ ಆಸ್ಪತ್ರೆಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ಎಂಜಿನಿಯರ್. ವಿಜಯದಶಮಿಯ ಬೆಳಿಗ್ಗೆ ಬನಹಟ್ಟಿಯ ಒಂದು ಖಾಸಗಿ ಆಸ್ಪತ್ರೆಯಿಂದ ಡಾಕ್ಟರ್ ಫೋನ್ ಮಾಡಿದರು. "ಸ್ಕ್ಯಾನ್ ಬೆಳಗಾವಿಗಿ ಹೋಗವಲ್ದರಿ. ಲಗೂನ ಬರ್ರಿ." ತಕ್ಷಣ ಬೈಕ್ ಹತ್ತಿದೆ.

ಪವರ್‌ಲೂಮ್ ನೇಕಾರ ಈರಪ್ಪನಿಗೆ ಪಾರ್ಶ್ವವಾಯು ಬಡಿದಿತ್ತು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಉಂಟು, ಆದರೆ ಕೆಲವೇ ಗಂಟೆಗಳೊಳಗೆ ಕೊಡಬೇಕು. ಒಳಗೆ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. ಯಾವುದೆಂದು ಬೆಳಗಾವಿಯ ತಜ್ಞರು ಸ್ಕ್ಯಾನ್ ನೋಡಿ ಹೇಳಬೇಕಿತ್ತು. ಮೊಬೈಲಿನಲ್ಲಿ ತೆಗೆದು ಕಳಿಸಿದ ಫೋಟೋ ಮಸುಕಾಗಿದೆ, ಇದನ್ನು ನಂಬಿ ಹೇಳಲಾರೆ ಎಂದಿದ್ದರು. ವೈರಸ್ ಭಯಕ್ಕೆ ಸ್ಕ್ಯಾನ್ ಕಂಪ್ಯೂಟರಿಗೆ ಪೆನ್‌ಡ್ರೈವ್ ಕೂಡ ತಾಗದಂತೆ ನಾವು ಬೀಗ ಹಾಕಿದ್ದೆವು. ಇದ್ದ ದಾರಿ ಒಂದೇ, ಪ್ರಾಕ್ಸಿ ಸರ್ವರ್. ಹೊರಗೆ ಹೋಗುವ ಪ್ರತಿ ಸಂಪರ್ಕವನ್ನು ನಡುವೆ ನಿಂತು ತಪಾಸಣೆ ಮಾಡುವ ಯಂತ್ರವದು.

ಬೆಳಗಾವಿಯ ಸರ್ವರಿನ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ ಎಂದು ತಕರಾರು ಬರುತ್ತಿತ್ತು. ಸರ್ಟಿಫಿಕೇಟ್ ಎಂದರೆ ಸುರಕ್ಷಿತ ಸಂಪರ್ಕಕ್ಕೆ ಮುನ್ನ ಸರ್ವರ್ ತೋರಿಸುವ ಗುರುತಿನ ಚೀಟಿ. ಅದಕ್ಕೆ ಆರಂಭದ ಮತ್ತು ಕೊನೆಯ ತಾರೀಖು ಇರುತ್ತವೆ. ಸ್ಕ್ಯಾನ್ ಕಂಪ್ಯೂಟರಿನ ತಾರೀಖು ಸರಿಯಿತ್ತು. ಬೇರೆ ಊರುಗಳ ಸ್ಕ್ಯಾನ್ ಬರುತ್ತಿವೆ ಎಂದು ಬೆಳಗಾವಿಯವರು ಹೇಳಿದರು. ಕೋಡನ್ನು ಗಂಟೆಗಟ್ಟಲೆ ಸಾಲುಸಾಲಾಗಿ ನೋಡಿದೆ. ಕೊನೆಗೆ ನಮ್ಮ ಪ್ರೋಗ್ರಾಮಿನಲ್ಲಿದ್ದ ಸರ್ಟಿಫಿಕೇಟ್ ಪರಿಶೀಲನೆಯನ್ನೇ ಕಿತ್ತು ಹಾಕಿದೆ. ಆದರೂ ಅದೇ ತಕರಾರು. ಹಾಗಾದರೆ ಅಡ್ಡ ನಿಂತಿರುವುದು ಪ್ರಾಕ್ಸಿಯೇ ಎಂದು ಆಗ ಹೊಳೆಯಿತು.

ಬಾಗಿಲಲ್ಲಿ ಈರಪ್ಪನ ಹೆಂಡತಿ ಮಹಾದೇವಿ ನಿಂತಿದ್ದಳು. "ಹೋತೇನ್ರಿ ಸರ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬರುವಂತಿತ್ತು.

ಪ್ರಾಕ್ಸಿ ಕೋಣೆಗೆ ಓಡಿದೆ. ಯಂತ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ!

"ನಿನ್ನಿ ಖಂಡೇನವಮಿ ಅಲ್ರಿ? ಮಗ್ಗದಂಗ ಇದನ್ನೂ ಬಂದ್ ಮಾಡಿ, ಒರಸಿ, ಪೂಜಿ ಮಾಡೇನ್ರಿ. ಮುಂಜಾನಿ ಚಾಲೂ ಮಾಡೇನಿ," ಎಂದ ಆಸ್ಪತ್ರೆಯ ಮ್ಯಾನೇಜರ್ ಬಸವರಾಜ.

ವರ್ಷಗಟ್ಟಲೆ ನಿಲ್ಲದೆ ಓಡಿದ ಯಂತ್ರವದು. ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಎಂದೋ ಸತ್ತಿತ್ತು. ಯಂತ್ರವನ್ನು ಯಾರೂ ಆರಿಸದ ಕಾರಣ ಅದು ಗೊತ್ತಾಗಿರಲಿಲ್ಲ. ಮತ್ತೆ ಹಚ್ಚಿದಾಗ ಅದು ಹಲವು ವರ್ಷ ಹಿಂದಿನ ತಾರೀಖಿಗೆ ಹೋಗಿ ಕುಳಿತಿತ್ತು. ಅದರ ಲೆಕ್ಕದಲ್ಲಿ ಬೆಳಗಾವಿಯ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇರಲಿಲ್ಲ.

ತಾರೀಖು ತಿದ್ದಿದೆ. ಸ್ಕ್ಯಾನ್ ಹೋಯಿತು. ಸ್ವಲ್ಪ ಹೊತ್ತಿಗೆ ತಜ್ಞರ ಫೋನ್ ಬಂತು. "ಹೆಪ್ಪುಗಟ್ಟಿದ್ದ ಐತ್ರಿ. ಇಂಜೆಕ್ಷನ್ ಕೊಡಬಹುದಿತ್ತು. ಈಗ ವ್ಯಾಳ್ಯಾ ಮೀರೇತಿ." ಬಸವರಾಜ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತ.

ಈಗ ಎಲ್ಲಿಯೇ ಸಂಪರ್ಕ ಕೈಕೊಡಲಿ, ಕೋಡ್ ಮುಟ್ಟುವ ಮೊದಲು ದಾರಿಯಲ್ಲಿರುವ ಪ್ರತಿ ಯಂತ್ರದ ತಾರೀಖು ನೋಡುತ್ತೇನೆ. ಅಷ್ಟು ಸಣ್ಣ ಪಾಠ. ಅದಕ್ಕೆ ಬೆಲೆ ತೆತ್ತವನು ಈರಪ್ಪ.

ಆ ಸಂಜೆ ಅವನ ಬಂಧುಗಳು ದಸರೆಗೆ ಬಂಗಾರವೆಂದು ಹಂಚುವ ಬನ್ನಿ ಎಲೆ ತಂದಿದ್ದರು. ಮಹಾದೇವಿ ನನ್ನ ಕೈಗೂ ಎಲೆಯಿಟ್ಟು, "ಬಂಗಾರ ತಗೋರಿ ಸರ. ನಿಮ್ಮಿಂದ ಸ್ಕ್ಯಾನ್ ಹೋತು," ಎಂದು ಕೈ ಮುಗಿದಳು. ಎಲ್ಲರೂ ಹೇಳುವಂತೆ "ಬಂಗಾರದಂಗ ಇರೂಣು" ಎನ್ನಲು ಮಂಚದ ಮೇಲಿದ್ದ ಈರಪ್ಪ ಬಾಯಿ ತೆರೆದ. ಮಾತು ಹೊರಡಲಿಲ್ಲ. "ಇಂಜೆಕ್ಷನ್ ಯಾವಾಗ ಕೊಡ್ತಾರ್ರಿ?" ಎಂದು ಆಕೆ ನನ್ನನ್ನು ಕೇಳಿದಳು.